ಪುಗಸಟ್ಟೆ ಗುಳಿಗೆ

ಮೊದಲೇ ಹೇಳಿಬಿಡುತ್ತೇನೆ, ಇದು ಕ್ಷಮಿಸಿದವಳು ಬರೆದದ್ದಲ್ಲ. ಜಡ್ಡಿನಿಂದ ಎದ್ದವರು ಬರೆದದ್ದನ್ನು ನಾನೂ ಅಲ್ಲಿ ಇಲ್ಲಿ ಓದಿದ್ದೇನೆ. ಕೊನೆಗೆ ಎಲ್ಲರೂ ಮೆತ್ತಗಾಗುತ್ತಾರೆ, ಆ ಜಡ್ಡು ನನಗೆ ಬದುಕು ಕಲಿಸಿತು ಅಂತ ಕೈ ಮುಗಿಯುತ್ತಾರೆ. ನನಗೆ ಅದು ಏನೂ ಕಲಿಸಲಿಲ್ಲ. ಮೈಮೇಲಿನ ತೊಗಲು ತೆಗೆದುಕೊಂಡು ಹೋಯಿತು, ಕಣ್ಣೀರು ತೆಗೆದುಕೊಂಡು ಹೋಯಿತು, ಸಿಟ್ಟೊಂದನ್ನು ಬಿಟ್ಟು ಹೋಯಿತು. ಆ ಸಿಟ್ಟನ್ನು ಇಷ್ಟು ವರ್ಷ ಹಾಲೆರೆದು ಸಾಕಿದ್ದೇನೆ. ಗುಳಿಗೆ ತಿಂದು ಮೈ ಸುಲಿಸಿಕೊಂಡು, "ನಿನ್ನ ಹಣೆಬರಹ" ಅನ್ನಿಸಿಕೊಂಡು ಮೂಲೆ ಹಿಡಿದವರು ಈಗಲೂ ಎಲ್ಲೋ ಇದ್ದಾರೆ. ಅವರಿಗಾಗಿ ಬರೆಯುತ್ತಿದ್ದೇನೆ. ಸಿಟ್ಟು ಬಂದರೆ ಬರಲಿ, ಅದರಲ್ಲಿ ತಪ್ಪೇನೂ ಇಲ್ಲ.

ನಮ್ಮೂರು ಕುಂದಗೋಳದ ಹತ್ತಿರ. ಎಂಬತ್ತರ ದಶಕದ ನಡುವಿನ ಮಾತು. ನಮ್ಮದು ಗಿರಣಿ ಮನೆ. ಮುಂದೆ ಜೋಳ ಬೀಸುವ ಗಿರಣಿ, ಬಾಜೂಕೆ ತಗಡಿನ ಶೆಡ್ಡಿನಲ್ಲಿ ಖಾರ ಕುಟ್ಟುವ ಯಂತ್ರ. ಯಜಮಾನರು ಚನ್ನಬಸಪ್ಪ ಯಂತ್ರದ ಕಡೆ, ನಾನು ಶಂಕ್ರವ್ವ ತಕ್ಕಡಿಯ ಕಡೆ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು ಅಂತ ಒಂದಿಷ್ಟು ಜಂಬವೂ ಇತ್ತು. ಚೀಲ ಎತ್ತಿ ಇಳಿಸಿ, ಮೂವತ್ತು ದಾಟುವಷ್ಟರಲ್ಲೇ ಮೊಣಕಾಲು, ಕೈಬೆರಳಿನ ಸಂದು ಹಿಡಿದುಕೊಂಡವು. ಬೆಳಗ್ಗೆ ರೊಟ್ಟಿ ಬಡಿಯಲು ಕೂತರೆ ಬೆರಳು ಮಡಚುತ್ತಿರಲಿಲ್ಲ.

ಕುಂದಗೋಳದ ಪೇಟೆಯಲ್ಲಿ ಒಬ್ಬ ಡಾಕ್ಟರ್ ಇದ್ದ. ಹೆಸರು ಬರೆಯುವುದಿಲ್ಲ. ಹೆಸರು ಬರೆದು ಅವನನ್ನು ನಾನೇ ಯಾಕೆ ಉಳಿಸಬೇಕು? ಆಗ ಸಾಹೇಬ್ರು ಅನ್ನುತ್ತಿದ್ದೆ, ಈಗ ಅವನು ಅನ್ನುತ್ತೇನೆ. ಬಹಳ ಕೈಗುಣದ ಡಾಕ್ಟರ್ ಅಂತ ಸುತ್ತಲಿನ ಹಳ್ಳಿಗಳಲ್ಲೆಲ್ಲ ಹೆಸರಿತ್ತು. ನಮ್ಮ ಮಾವನವರಿಗೆ ವಾಂತಿಭೇದಿ ಆದಾಗ ಹಾಸಿಗೆ ಬಿಟ್ಟು ಕದಲದೆ ಸಲಾಯಿನ್ ಹಚ್ಚಿ ಉಳಿಸಿದವನು ಅವನೇ. ಇದನ್ನೂ ಹೇಳಬೇಕು, ಹೇಳಿದ್ದೇನೆ. ರಾಕ್ಷಸನಂತೆ ಇದ್ದಿದ್ದರೆ ಅವನು ಕೊಟ್ಟ ಗುಳಿಗೆಯನ್ನು ಯಾರು ತಿನ್ನುತ್ತಿದ್ದರು?

ಆ ಸಲ ಬೆರಳು ತೋರಿಸಲು ಹೋದಾಗ ಅವನು ಕಪಾಟಿನಿಂದ ಒಂದು ಬಿಳಿ ಡಬ್ಬಿ ತೆಗೆದ.

"ಶಂಕ್ರವ್ವಾ, ನಿನ್ನ ನಸೀಬ ಚಲೋ ಐತಿ. ಸಂದು ಬ್ಯಾನಿಗೆ ಹೊಸಾ ಗುಳಗಿ ಬಂದಾವ. ಮುಂಬೈ ಕಂಪನಿದು. ಇನ್ನೂ ಅಂಗಡ್ಯಾಗ ಸಿಗೂದಿಲ್ಲ. ನಿಮಗಂತ ಪುಗಸಟ್ಟೆ ಕೊಡಾಕ ಹತ್ತೇನಿ."

ಅಂಗಡಿಯಲ್ಲಿ ಯಾಕೆ ಸಿಗುವುದಿಲ್ಲ ಅಂತ ನಾನು ಕೇಳಲಿಲ್ಲ. ಮೊದಲು ನಿಮ್ಮ ಮೈಮೇಲೆ ನೋಡಿ ಆಮೇಲೆ ಅಂಗಡಿಗೆ ಕಳಿಸುತ್ತಾರೆ ಅಂತ ಅವನೂ ಹೇಳಲಿಲ್ಲ. ಪುಗಸಟ್ಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪಗೊಂದಿರಲಿ ಅನ್ನುವ ಮಂದಿ ನಾವು. ಡಬ್ಬಿಯನ್ನು ಉಡಿಯಲ್ಲಿ ಕಟ್ಟಿಕೊಂಡು, ಊರಲ್ಲಿ ಯಾರಿಗೂ ಸಿಗದ್ದು ನನಗೆ ಸಿಕ್ಕಿತು ಅಂತ ಬೀಗುತ್ತ ಬಂದೆ.

ಗುಳಿಗೆ ತಿನ್ನುವವರೆಲ್ಲ ಒಂದು ಸಂತೆ ಬಿಟ್ಟು ಇನ್ನೊಂದು ಸಂತೆಗೆ ಅವನ ದವಾಖಾನೆಗೆ ಹೋಗಿ ತೋರಿಸಿಕೊಳ್ಳಬೇಕಿತ್ತು. ಇಲ್ಲಿ ನಮ್ಮ ಕಡೆಯ ಒಂದು ರೀತಿಯನ್ನು ಹೇಳದೆ ಮುಂದೆ ಹೋಗಲಾರೆ. ಯಾರಾದರೂ "ಹೆಂಗದೀರಿ, ಆರಾಮ?" ಅಂದರೆ "ಆರಾಮ್ರಿ" ಅನ್ನಬೇಕು. ಜ್ವರ ಇದ್ದರೂ ಆರಾಮ್ರಿ, ಕಾಲು ಮುರಿದಿದ್ದರೂ ಆರಾಮ್ರಿ. ಬಂದ ಕೂಡಲೇ ತನ್ನ ನೋವಿನ ಗಂಟು ಬಿಚ್ಚುವುದು ಮರ್ಯಾದೆಯಲ್ಲ. ಕೂತು, ನೀರು ಕುಡಿದು, ಮಳೆ ಬೆಳೆ ಮಾತಾಗಿ, ಕೇಳಿದವರು "ಮತ್ತ, ಏನರ?" ಅಂತ ಇನ್ನೊಮ್ಮೆ, ಮತ್ತೊಮ್ಮೆ ಕೇಳಿದ ಮೇಲೆ, ಎದ್ದು ಚಪ್ಪಲಿ ಮೆಟ್ಟುವ ಹೊತ್ತಿಗೆ "ಏನಿಲ್ರಿ, ಒಂದೀಟು..." ಅಂತ ನಿಜವಾದ ಮಾತು ಹೊರಗೆ ಬರುತ್ತದೆ. ನಮ್ಮ ಸೀಮೆಯಲ್ಲಿ ಡಾಕ್ಟರಿಕೆ ಮಾಡುವವನು ಚಪ್ಪಲಿ ಮೆಟ್ಟುವ ತನಕ ಕಾಯಬೇಕು. ಅವನಿಗೆ ಇದು ಚೆನ್ನಾಗಿ ಗೊತ್ತಿತ್ತು. ಇದೇ ತಾಲೂಕಿನ ಜೋಳದ ರೊಟ್ಟಿ ತಿಂದು ಬೆಳೆದವನು ಅವನು. ಉಳಿದ ರೋಗಿಗಳನ್ನು ಹಾಗೇ ಕೂರಿಸಿ ಕೇಳುತ್ತಿದ್ದ. ಈ ಗುಳಿಗೆಯವರನ್ನು ಮಾತ್ರ ಬಾಗಿಲಲ್ಲೇ ನಿಲ್ಲಿಸಿ "ಆರಾಮ?" ಅನ್ನುವುದು, "ಆರಾಮ್ರಿ" ಅಂದ ಕೂಡಲೇ ಕಂಪನಿಯ ಹಾಳೆಯ ಮೇಲೆ ಗೀಚುವುದು, ಮುಂದಿನವರನ್ನು ಕರೆಯುವುದು. ಹೊರಗಿನವನಾಗಿದ್ದರೆ ತಿಳಿಯದೆ ಮಾಡಿದ ಅನ್ನುತ್ತಿದ್ದೆ.

ನನ್ನ ಜೊತೆ ಆ ಗುಳಿಗೆ ತಿನ್ನುತ್ತಿದ್ದವಳು ಬಳೆಗಾರ್ತಿ ಬೀಬಿಜಾನ್. ಬಳೆಯ ಮಲಾರ ಹೊತ್ತು ಊರೂರು ತಿರುಗಿ ಅವಳ ಮೊಣಕಾಲೂ ನನ್ನವುಗಳಂತೆಯೇ ಕೆಟ್ಟಿದ್ದವು. ನನಗಿಂತ ಹಿರಿಯಳು, ಬಾಯಿ ನನಗಿಂತ ಜೋರು. ಮೊದಲ ಸಲ ತೋರಿಸಲು ಹೋದ ದಿನ ಬೆಂಚಿನ ಮೇಲೆ ನನ್ನ ಪಕ್ಕ ಕೂತವಳು ಸೆರಗು ಬಾಯಿಗೆ ಹಿಡಿದುಕೊಂಡೇ ಇದ್ದಳು.

"ಬಾಯಾಗ ಹುಣ್ಣ ಎದ್ದಾವ ಶಂಕ್ರವ್ವಾ. ನೀರ ಕುಡದ್ರ ಖಾರ ಕುಡದಂಗ ಆಗ್ತೈತಿ."

"ಹಂಗಾರ ಒಳಗ ಹೇಳಬೇ."

"ಹೇಳ್ತೀನಿ ತಗೋ."

ಅವಳ ಪಾಳಿ ಬಂತು. ಅವನು "ಆರಾಮ?" ಅಂದ. ಸೆರಗಿನ ಹಿಂದಿನಿಂದ ಬೀಬಿಜಾನ್ "ಆರಾಮ್ರಿ ಸಾಹೇಬ್ರ" ಅಂದಳು. ಅವನು ಆ ಸೆರಗನ್ನು ನೋಡಿದ. ನೋಡಿದ್ದನ್ನು ನಾನು ನೋಡಿದೆ. ಗೀಚಿದ, ಮುಂದಿನವರನ್ನು ಕರೆದ. ನನಗೂ ಎರಡು ದಿನದಿಂದ ಕಣ್ಣು ಉರಿಯುತ್ತಿದ್ದವು. ಮೆಣಸಿನಕಾಯಿ ಸುಗ್ಗಿ ಆಗಷ್ಟೇ ಶುರುವಾಗಿತ್ತು, ಖಾರದ ಧೂಳು ಹೋಗಿರಬೇಕು ಅಂದುಕೊಂಡು ನಾನೂ ಆರಾಮ್ರಿ ಅಂದೆ.

ಬೀಬಿಜಾನ್ ಬದುಕಿದ್ದು ಯಮನೂರಿನ ದರ್ಗಾದ ಹರಕೆಯಿಂದ. ಹುಣ್ಣು ಜಾಸ್ತಿಯಾಗಿ ಅವಳು ಯಮನೂರಿಗೆ ಹೋಗಿ, ಹಳ್ಳದಲ್ಲಿ ಮಿಂದು, ಹರಕೆ ಮುಗಿಯುವ ತನಕ ಯಾವ ಔಷಧವನ್ನೂ ಮುಟ್ಟುವುದಿಲ್ಲ ಅಂತ ಗುಳಿಗೆ ಬಿಟ್ಟಳು. ಹುಣ್ಣು ಮಾಯ್ದವು. ಅದು ಹಳ್ಳದ ನೀರಿನಿಂದಲೋ, ಗುಳಿಗೆ ಬಿಟ್ಟದ್ದರಿಂದಲೋ, ಅವಳ ಮುಂದೆ ನಾನು ವಾದ ಮಾಡಲು ಹೋಗುವುದಿಲ್ಲ.

ನಾನು ಮಾತ್ರ ತಪ್ಪದೆ ನುಂಗಿದೆ. ಮೊದಲು ಜ್ವರ ಬಂತು. ಆಮೇಲೆ ಗಂಟಲು ಕಟ್ಟಿತು, ತುಟಿಗಳು ಬಾತು ಒಡೆದವು. ಮೂರನೆಯ ದಿನ ಎದೆಯ ಮೇಲೆ ಕೆಂಪು ದದ್ದುಗಳೆದ್ದು, ನೋಡನೋಡುತ್ತ ನೀರು ತುಂಬಿ ಬೊಬ್ಬೆಗಳಾದವು. ಅತ್ತೆ ನನ್ನನ್ನು ನೋಡಿ, ಗಲ್ಲ ಬಡಿದುಕೊಂಡು, ಬಾಗಿಲಿಗೆ ಬೇವಿನ ತಪ್ಪಲು ಕಟ್ಟಿದರು. "ಮೈಮ್ಯಾಲೆ ಅಮ್ಮ ಎದ್ದಾಳ. ಯಾರೂ ಒಗ್ಗರಣಿ ಹಾಕಬ್ಯಾಡ್ರಿ, ಇಕಿಗೆ ಯಾವ ಔಷಧಾನೂ ಕೊಡಬ್ಯಾಡ್ರಿ" ಅಂದರು. ಅಮ್ಮ ಎದ್ದಾಗ ಔಷಧ ಕೊಡಬಾರದು, ಅದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಹಾಗಾಗಿ ಬಿಳಿ ಡಬ್ಬಿ ಗೋಡೆಯ ಮಾಡಕ್ಕೆ ಸೇರಿತು. ಎರಡು ದಿನ ಗುಳಿಗೆ ಇಲ್ಲದೆ ಕಳೆದವು. ಬೊಬ್ಬೆ ಇದ್ದಲ್ಲೇ ನಿಂತಿದ್ದವು. ಅತ್ತೆಯ ತಪ್ಪು ತಿಳುವಳಿಕೆಯೇ ಆಗ ನನ್ನನ್ನು ಕಾಯುತ್ತಿತ್ತು.

ಆದರೆ ನಮ್ಮ ಯಜಮಾನರಿಗೆ ಜೀವ ತಡೆಯಲಿಲ್ಲ. ಡಾಕ್ಟರ್‌ನನ್ನು ಕರೆತಂದರು. ಅವನು ಸ್ಕೂಟರಿನಲ್ಲಿ ಬಂದ. ನನ್ನ ತುಟಿ ನೋಡಿದ, ಕಣ್ಣಿನ ರೆಪ್ಪೆ ಎಳೆದು ನೋಡಿದ, ಬೆನ್ನಿನ ಮೇಲಿನ ಒಂದು ಬೊಬ್ಬೆಯ ಬಾಜೂಕೆ ಬೆರಳಿಟ್ಟು ಒತ್ತಿದ. ಒತ್ತಿದಲ್ಲಿ ತೊಗಲು ಜಾರಿತು. ಅವನು ಬೆರಳನ್ನು ಥಟ್ಟನೆ ಹಿಂದೆಗೆದುಕೊಂಡು ಕರವಸ್ತ್ರಕ್ಕೆ ಒರೆಸಿದ. ನನ್ನ ಕಣ್ಣು ಅರ್ಧ ಮುಚ್ಚಿದ್ದರೂ ಅವನ ಮುಖ ಕಂಡಿತು. ಅಂಜಿದವನ ಮುಖ ಅದು.

"ಅಮ್ಮ ಎದ್ದಾಳ" ಅಂದ ಅವನು.

"ನಾನೂ ಅದನ್ನ ಹೇಳೇನ್ರಿ. ಅದಕ್ಕ ನಿಮ್ಮ ಗುಳಗಿ ಬಂದ್ ಮಾಡೇವಿ" ಅಂದರು ಅತ್ತೆ.

"ಛೇ ಛೇ, ಅದನ್ನ ನಡುವ ಬಿಡಬ್ಯಾಡ್ರಿ. ಅಮ್ಮಂದು ಅಮ್ಮಗ, ಗುಳಗಿದು ಗುಳಗಿಗೆ. ಬಿಟ್ರ ಎಲ್ಲಾ ಕೆಡ್ತೈತಿ."

ಏನು ಕೆಡುತ್ತದೆ ಅಂತ ನಾವು ಕೇಳಲಿಲ್ಲ. ಕೆಡುವುದು ಅವನ ಹಾಳೆ, ನನ್ನ ಮೈಯಲ್ಲ ಅಂತ ಆಗ ಯಾರಿಗೆ ಗೊತ್ತು? ಡಾಕ್ಟರ್ ಹೇಳಿದ ಮೇಲೆ ಅತ್ತೆಯೂ ಸುಮ್ಮನಾದರು. ನೀರೂ ಇಳಿಯದ ಗಂಟಲಿಗೆ ಯಜಮಾನರೇ ಗುಳಿಗೆಯನ್ನು ಅರೆದು, ಮಜ್ಜಿಗೆಯಲ್ಲಿ ಕಲಸಿ ಇಳಿಸಿದರು. ಮಾರನೆಯ ದಿನವೂ ಇಳಿಸಿದರು. ಅದರ ಮರುದಿನ ಬೆಳಗ್ಗೆ ನನ್ನ ಮೈಮೇಲಿನ ಕೌದಿ ತೆಗೆದಾಗ ಅದರ ಜೊತೆ ಹೆಗಲಿನ ತೊಗಲು ಎದ್ದು ಬಂತು. ಯಜಮಾನರು ಕೌದಿಯ ತುದಿಯನ್ನು ಕೈಯಲ್ಲಿ ಹಿಡಿದು ಹಾಗೇ ನಿಂತುಬಿಟ್ಟರು. ನಾನು ಚೀರಲೂ ಆಗಲಿಲ್ಲ, ಬಾಯಿ ತೆರೆದರೆ ತುಟಿ ಹರಿಯುತ್ತಿತ್ತು.

ಹುಬ್ಬಳ್ಳಿಗೆ ಹೋಗಲು ಸಿಕ್ಕಿದ್ದು ಮೆಣಸಿನಕಾಯಿ ಹೇರುವ ಟೆಂಪೋ ಒಂದೇ. ಅದರ ಡ್ರೈವರ್ ನಮಗೆ ಗುರುತಿನವನೂ ಅಲ್ಲ. ನನ್ನನ್ನು ಒಮ್ಮೆ ನೋಡಿದವನು ಮಾತಾಡದೆ ಹೋಗಿ, ಕೊಡಗಟ್ಟಲೆ ನೀರು ತಂದು ಹಿಂದಿನ ಹಲಗೆಯನ್ನೆಲ್ಲ ತೊಳೆದು, ಖಾರದ ಘಾಟು ಹೋಗುವ ತನಕ ತಿಕ್ಕಿದ. ಮೇಲೆ ಬಾಳೆ ಎಲೆ ಹಾಸಿ ನನ್ನನ್ನು ಮಲಗಿಸಿದರು. ಆ ಮನುಷ್ಯನ ಹೆಸರು ಕೇಳದೆ ಬಂದದ್ದು ಇವತ್ತಿಗೂ ಚುಚ್ಚುತ್ತದೆ. ಅವನ ಹೆಸರನ್ನಾದರೆ ಇಲ್ಲಿ ದೊಡ್ಡದಾಗಿ ಬರೆಯುತ್ತಿದ್ದೆ.

ಹುಬ್ಬಳ್ಳಿಯ ದೊಡ್ಡ ದವಾಖಾನೆಯ ವರಾಂಡದಲ್ಲಿ ನಮ್ಮನ್ನು ಕೂರಿಸಿದರು. ಬೆಂಚಿನ ಮೇಲಿದ್ದವರು ಒಬ್ಬೊಬ್ಬರಾಗಿ ಎದ್ದು ಗೋಡೆಯ ಕಡೆಗೆ ಸರಿದರು. ಒಬ್ಬಾಕೆ ಮೂಗಿಗೆ ಸೆರಗು ಹಿಡಿದು ಮಗುವಿನ ಕಣ್ಣು ಮುಚ್ಚಿದಳು. ಯಜಮಾನರು ಮಾತು ಕಡಿಮೆಯ ಮನುಷ್ಯ, ಆವತ್ತು ಎದ್ದು ನಿಂತು ಅಷ್ಟೂ ಮಂದಿಗೆ ಕೇಳುವಂತೆ ಕೂಗಿದರು: "ಯಾಕ್ರಿ, ಯಾಕ ಓಡ್ತೀರಿ? ಇಕಿ ನನ್ನ ಹೇಣ್ತಿ ಅದಾಳ, ಹುಲಿ ಅಲ್ಲ!" ಯಾರೂ ಹತ್ತಿರ ಬರಲಿಲ್ಲ. ಆದರೆ ಆ ಕೂಗು ನನಗೆ ಎಷ್ಟೋ ದಿನಕ್ಕೆ ಸಾಕಾಯಿತು.

ಅಲ್ಲಿ ಒಬ್ಬ ಎಳೆಯ ಡಾಕ್ಟರಬಾಯಿ ಇದ್ದರು. ನನ್ನ ಮುಖದ ಹತ್ತಿರ ಬಗ್ಗಿ, "ಹೆಂಗದೀರವಾ?" ಅಂದರು. ಹಾಳು ಬಾಯಿ, ಆಗಲೂ ನಾನು "ಆರಾಮ್ರಿ" ಅನ್ನಲು ತುಟಿ ಎತ್ತಿದೆ. ಆಕೆ ನಗಲಿಲ್ಲ. ಸ್ಟೂಲು ಎಳೆದು ಕೂತರು. ಏನು ಉಂಡೆ, ಏನು ಕುಡಿದೆ, ಯಾವ ಸೊಪ್ಪು, ಯಾವ ಎಣ್ಣೆ, ಯಾರು ಏನು ಕೊಟ್ಟರು, ಮತ್ತೇನು, ಇನ್ನೇನು ಅಂತ ಯಜಮಾನರನ್ನು ಬಿಡದೆ ಕೇಳಿದರು. ಕೊನೆಗೆ ಯಜಮಾನರು, "ಏನಿಲ್ರಿ, ಒಂದು ಸಂದು ಬ್ಯಾನಿ ಗುಳಗಿ, ಪುಗಸಟ್ಟೆ ಕೊಟ್ಟದ್ದು" ಅಂದರು. ಆಕೆಯ ಪೆನ್ನು ನಿಂತಿತು.

"ಯಾವಾಗಿಂದ? ಈಗೂ ಕೊಡಾಕ ಹತ್ತೀರೇನು?"

"ನಿನ್ನೀನೂ ಕೊಟ್ಟೇನ್ರಿ. ಡಾಕ್ಟರ್ ಬಿಡಬ್ಯಾಡ ಅಂದಾರ."

"ಇದು ಅಮ್ಮ ಅಲ್ರಿ" ಅಂದರು ಡಾಕ್ಟರಬಾಯಿ. ಆಮೇಲೆ ನನ್ನ ಕಡೆ ತಿರುಗಿ, ನನಗೆ ತಿಳಿಯುವ ಮಾತಲ್ಲಿ ಹೇಳಿದರು: "ನಮ್ಮ ಮೈಯಾಗ ಕಾವಲು ನಾಯಿ ಇದ್ದಂಗ ಒಂದು ಶಕ್ತಿ ಇರ್ತೈತಿ. ಆ ಗುಳಗಿ ಅದಕ್ಕ ಹುಚ್ಚ ಹಿಡಿಸೇತಿ. ಕಳ್ಳನ್ನ ಬಿಟ್ಟು ಅದು ಮನಿಯವರನ್ನ ಹರಿಯಾಕ ಹತ್ತೇತಿ."

ಆ ನಾಯಿಯನ್ನು ಕಟ್ಟಿಹಾಕಲು ಆ ಚಳಿಗಾಲವೆಲ್ಲ ಬೇಕಾಯಿತು. ಬಾಳೆ ಎಲೆಯ ಮೇಲೆ ಮಲಗಿ ಬಾಳೆ ಎಲೆಯನ್ನೇ ಹೊದ್ದುಕೊಂಡೆ. ಎಲೆ ಒಣಗಿ ಅಂಟಿಕೊಳ್ಳುವ ಮೊದಲು ಬದಲಿಸಬೇಕು. ಯಜಮಾನರು ಪೇಟೆಯಲ್ಲಿ ಎಳೆ ಎಲೆ ಹುಡುಕಿಕೊಂಡು ಅಲೆಯುತ್ತಿದ್ದರು. ಒಬ್ಬ ಮುದುಕಿ ಆಯಾ, ಹತ್ತಿಯ ಬತ್ತಿಯನ್ನು ಸಕ್ಕರೆ ಹಾಲಿನಲ್ಲಿ ಅದ್ದಿ ತುಟಿಯ ಮೂಲೆಯಲ್ಲಿ ಹಿಂಡುತ್ತಿದ್ದಳು, ಹಿಂಡುತ್ತ ತನ್ನ ಸೊಸೆಯನ್ನು ಬಯ್ಯುತ್ತಿದ್ದಳು. ಆ ಬೈಗುಳ ಕೇಳುತ್ತ ಕೇಳುತ್ತ ನನಗೆ ಬದುಕಬೇಕು ಅನ್ನಿಸಿತು. ಅತ್ತೆ ಒಮ್ಮೆ ನನ್ನ ಮಗಳು ಮಂಜುಳಾನನ್ನು ಕರೆತಂದರು. ಅದು ಬಾಗಿಲಲ್ಲಿ ನಿಂತು, "ನಮ್ಮವ್ವ ಎಲ್ಲಿ?" ಅಂತ ನನ್ನನ್ನೇ ಕೇಳಿತು. ನನಗೆ ಅಳು ಬಂತು, ಆದರೆ ಕಣ್ಣೀರು ಬರಲಿಲ್ಲ. ಆಗ ತಿಳಿಯಿತು, ಕಣ್ಣೀರಿನ ಬಾವಿಯೂ ಬತ್ತಿ ಹೋಗಿದೆ ಅಂತ. ಈಗಲೂ ಅಷ್ಟೇ. ಉಳ್ಳಾಗಡ್ಡಿ ಹೆಚ್ಚಿದರೂ ಇಲ್ಲ, ಮಗಳ ಲಗ್ನದಲ್ಲೂ ಇಲ್ಲ. ಅತ್ತು ಹಗುರಾಗುವ ಸುಖವನ್ನೂ ಆ ಬಿಳಿ ಡಬ್ಬಿ ನನ್ನಿಂದ ಕಿತ್ತುಕೊಂಡಿತು.

ಉಗುರುಗಳೆಲ್ಲ ಉದುರಿ, ಮೈಯೆಲ್ಲ ಕರಿ ಬಿಳಿ ಮಚ್ಚೆಯಾಗಿ, ಕಪ್ಪು ಕನ್ನಡಕ ಹಾಕಿಕೊಂಡು ಮನೆಗೆ ಬಂದೆ. ಮೆಣಸಿನಕಾಯಿ ಸುಗ್ಗಿ ಇನ್ನೂ ಮುಗಿದಿರಲಿಲ್ಲ. ಊರಿನ ಮಾಳಿಗೆಗಳೆಲ್ಲ ಕೆಂಪಗಿದ್ದವು. ನಮ್ಮ ಶೆಡ್ಡಿಗೆ ಮಾತ್ರ ಬೀಗ ಹಾಕಿತ್ತು. ನನ್ನ ಕಣ್ಣಿಗೆ ಘಾಟು ತಾಗಬಾರದು ಅಂತ ಯಜಮಾನರು ಸುಗ್ಗಿ ಮುಗಿಯುವ ತನಕ ಖಾರ ಕುಟ್ಟಲಿಲ್ಲ. ಹೆಂಗಸರು ಮೆಣಸಿನಕಾಯಿ ಹೊತ್ತು ಬಾಜೂಕಿನ ಊರಿಗೆ ನಡೆದರು, ಒಬ್ಬರೂ ಗೊಣಗಲಿಲ್ಲ. ಇಂಥ ಉಪಕಾರಗಳನ್ನು ನಾನು ಮರೆತಿಲ್ಲ. ಅಪಕಾರವನ್ನೂ ಮರೆತಿಲ್ಲ.

ಬಂದ ವಾರದಲ್ಲೇ ಗೊತ್ತಾಯಿತು, ಅವನು ಊರ ತುಂಬ "ಶಂಕ್ರವ್ವಗ ಅಮ್ಮ ಎದ್ದಿದ್ಲು, ಪಾಪ" ಅಂತ ಹೇಳಿಕೊಂಡು ಬಂದಿದ್ದಾನೆ. ಅದೇ ಗುಳಿಗೆಯನ್ನು ಅದೇ ನಗುಮುಖದಿಂದ ಹೊಸಬರಿಗೂ ಕೊಡುತ್ತಿದ್ದಾನೆ. ಹುಬ್ಬಳ್ಳಿಯ ಡಾಕ್ಟರಬಾಯಿ ಅವನಿಗೆ ಹೇಳಿ ಕಳಿಸಿದ್ದರಂತೆ. ಅವನು ಕಿವಿಗೇ ಹಾಕಿಕೊಂಡಿರಲಿಲ್ಲ. ನನಗೆ ಬೇಕಾದದ್ದು ಒಂದೇ: ಗುಳಿಗೆಯಿಂದ ಆಯಿತು ಅಂತ ಅವನ ಬಾಯಿಂದಲೇ, ಊರಿನ ಮುಂದೆ ಬರಬೇಕು. ಅದು ಬರುವ ತನಕ ಅವನಿಗೆ ನೆಮ್ಮದಿಯ ಒಂದು ಸಂತೆಯೂ ಇರಬಾರದು.

ಮುಂದಿನ ಸಂತೆಗೆ ಅವನ ದವಾಖಾನೆಗೆ ಹೋಗಿ, ಚೀಟಿ ತೆಗೆದುಕೊಂಡು, ಬೆಂಚಿನ ಮೇಲೆ ಬಾಗಿಲಿಗೆ ಎದುರಾಗಿ ಕೂತೆ. ಸೆರಗು ತೆಗೆದೆ, ಕನ್ನಡಕ ತೆಗೆದೆ. ಬಂದವರೆಲ್ಲ ನನ್ನ ಮುಖ ನೋಡಿಯೇ ಒಳಗೆ ಹೋಗಬೇಕು. ನನ್ನ ಪಾಳಿ ಬಂದಾಗ ಪಕ್ಕದವರಿಗೆ, "ನೀವು ಹೋಗ್ರಿ, ನಿಮಗ ಅವಸರ ಐತಿ" ಅಂದೆ. ಮತ್ತೆ ಪಾಳಿ ಬಂತು, ಮತ್ತೆ ಬಿಟ್ಟುಕೊಟ್ಟೆ. ಬಿಳಿ ಡಬ್ಬಿ ಹಿಡಿದು ಹೊರಬಂದವರಿಗೆ, "ಅದನ್ನ ತಿಂದು ಹಿಂಗಾಗೇನಿ" ಅಂತ ಕೈ ಚಾಚಿ ತೋರಿಸಿದೆ. ಬಯ್ಯಲಿಲ್ಲ, ಕೂಗಲಿಲ್ಲ. ಕಂಪೌಂಡರ್ ಎಬ್ಬಿಸಲು ಬಂದ. "ಯಾಕೋ ತಮ್ಮಾ? ಜಡ್ಡಿನಾಕಿ ದವಾಖಾನ್ಯಾಗ ಕೂಡಬಾರ್ದೇನು? ನನ್ನ ಪಾಳಿ ಬರಲಿ" ಅಂದೆ. ಕಂಪೌಂಡರ್ ಹೊರಳಿ ಒಳಗೆ ಹೋದ.

ಹಾಗೆ ಸಂತೆ ಮೇಲೆ ಸಂತೆ ಕೂತೆ. ಸುಳ್ಳು ಹೇಳಲಾರೆ, ಅದರಲ್ಲಿ ನನಗೆ ಖುಷಿ ಇತ್ತು. ಒಳಗಿಂದ ಅವನ ದನಿ ಸಂತೆಯಿಂದ ಸಂತೆಗೆ ಸಣ್ಣಗಾಗುವುದನ್ನು ಕೇಳುತ್ತ, ಮನೆಯಿಂದ ತಂದ ಮೆತ್ತನೆಯ ಅನ್ನವನ್ನು ಅಲ್ಲೇ ಕೂತು ಉಣ್ಣುತ್ತಿದ್ದೆ. ಊರಿನ ಮಂದಿ ನನ್ನ ಪರವಾಗಿ ನಿಂತರು ಅಂದುಕೊಳ್ಳಬೇಡಿ. ಮಾವನ ಜೀವ ಉಳಿಸಿದವನ ಮೇಲೆ ಹಗೆ ಸಾಧಿಸುತ್ತಾಳೆ, ಉಂಡ ಮನೆಗೆ ಎರಡು ಬಗೆಯುವವಳು ಅಂತ ನನ್ನನ್ನೇ ಆಡಿಕೊಂಡರು. ನೋಡಿದವರು ಮರುಗಿದರು, ಮರುಗುತ್ತಲೇ ಡಬ್ಬಿ ತೆಗೆದುಕೊಂಡು ಹೋದರು. ಅಮ್ಮ ಎದ್ದವಳ ಮಾತಿಗಿಂತ ಕೈಗುಣದವನ ಮಾತು ದೊಡ್ಡದಾಗಿತ್ತು.

ಒಂದು ದಿನ ಅವನೇ ಹೊರಗೆ ಬಂದು ನನ್ನ ಮುಂದೆ ನಿಂತ.

"ಶಂಕ್ರವ್ವಾ, ನಿನಗ ಏನ ಬೇಕು ಹೇಳಿಬಿಡು."

"ಗುಳಗಿಯಿಂದ ಆತು ಅಂತ ಒಮ್ಮೆ ಬಾಯಿಬಿಟ್ಟ ಹೇಳ್ರಿ. ಎದ್ದು ಹೋಗ್ತೀನಿ."

ಅವನು ಸುತ್ತ ಕೂತವರನ್ನು ನೋಡಿದ. "ದೇವರ ಕೊಟ್ಟ ಜಡ್ಡಿಗೆ ನಾ ಏನ ಮಾಡ್ಲಿ?" ಅಂದು ಒಳಗೆ ಹೋದ.

ಬೇಸಗೆಯಲ್ಲಿ ಕಂಪನಿಯ ದೊಡ್ಡ ಮನುಷ್ಯ ಮುಂಬೈಯಿಂದ ಬರುತ್ತಾನೆ, ಗುಳಿಗೆ ತಿಂದವರನ್ನೆಲ್ಲ ಕಣ್ಣಾರೆ ನೋಡುತ್ತಾನೆ ಅಂತ ಸುದ್ದಿ ಬಂತು. ದವಾಖಾನೆಯ ಮುಂದೆ ಚಪ್ಪರ ಹಾಕಿಸಿ, ಚಹಾ ಮಿರ್ಚಿ ಭಜಿ ಮಾಡಿಸಿದ್ದರು. ನನಗೆ ಕರೆ ಇರಲಿಲ್ಲ. ಬೀಬಿಜಾನ್‌ಗೂ ಇರಲಿಲ್ಲ. ಇಬ್ಬರೂ ಹೋದೆವು. ನನ್ನ ಉಡಿಯಲ್ಲಿ ಉಳಿದಿದ್ದ ಗುಳಿಗೆಗಳ ಡಬ್ಬಿ ಇತ್ತು.

ಕಂಪನಿಯವನಿಗೆ ಕನ್ನಡ ಬರುತ್ತಿರಲಿಲ್ಲ. ಡಾಕ್ಟರ್ ನಡುವೆ ನಿಂತು ಒಬ್ಬೊಬ್ಬರನ್ನೇ "ಆರಾಮ?" ಅಂತ ಕೇಳುವುದು, ಅವರು ಹೇಳಿದ್ದನ್ನು ಅವನಿಗೆ ಹೇಳುವುದು. ನಾನು ಇಷ್ಟು ಸಂತೆ ಕೂತು ಮುಖ ತೋರಿಸಿದ್ದೆನಲ್ಲ, ಇವತ್ತಾದರೂ ಯಾರಾದರೂ ಬಾಯಿಬಿಟ್ಟಾರು ಅಂದುಕೊಂಡಿದ್ದೆ. ಎಲ್ಲಿಯ ಮಾತು! ದೂರದಿಂದ ಬಂದ ಅತಿಥಿ, ಕೈಯಲ್ಲಿ ಅವನದೇ ಚಹಾ. ಸಾಲಾಗಿ ಎಲ್ಲರೂ "ಆರಾಮ್ರಿ, ಆರಾಮ್ರಿ" ಅಂದರು. ಕಂಪನಿಯವನು ಪ್ರತಿಯೊಬ್ಬರಿಗೂ ತಲೆ ಆಡಿಸಿದ.

ಆಗ ಎದ್ದು, ಚಪ್ಪರದ ನಡುವೆ ಹೋಗಿ ಕನ್ನಡಕ ತೆಗೆದು ನಿಂತೆ. ಕಂಪನಿಯವನು ಬೆಚ್ಚಿ, ಇವರು ಯಾರು ಅಂತ ಹಿಂದಿಯಲ್ಲಿ ಕೇಳಿದ. ಡಾಕ್ಟರೂ ಹಿಂದಿಯಲ್ಲೇ ಏನೋ ಹೇಳಿದ. ಹಳ್ಳಿಯ ಹೆಂಗಸಿಗೆ ಏನು ತಿಳಿಯುತ್ತದೆ ಅಂದುಕೊಂಡಿರಬೇಕು. ನನ್ನ ಪಕ್ಕದಲ್ಲಿ ಮನೆಯಲ್ಲಿ ಉರ್ದು ಆಡುವ ಬೀಬಿಜಾನ್ ಇದ್ದಾಳೆ ಅನ್ನುವುದನ್ನು ಮರೆತಿದ್ದ.

"ನಿನ್ನ ಲೆಕ್ಕದಾಗ ಹಿಡದಿಲ್ಲಂತ ಶಂಕ್ರವ್ವಾ" ಅಂದಳು ಅವಳು, ಎಲ್ಲರಿಗೂ ಕೇಳುವಂತೆ. "ನಿನಗ ಅಮ್ಮ ಎದ್ದಿದ್ಲಂತ. ಗುಳಗಿ ನಡುವ ಬಿಟ್ಟೀಯಂತ. ನಡುವ ಬಿಟ್ಟವರನ್ನ ಲೆಕ್ಕಕ್ಕ ಹಿಡಿಯೂದಿಲ್ಲಂತ. ನನ್ನೂ ಹಿಡದಿಲ್ಲ ನೋಡು."

ಅಂದರೆ ಇಷ್ಟೇ. ಸುಲಿದ ಮೈ ಲೆಕ್ಕದಲ್ಲೇ ಇಲ್ಲ. ಆರಾಮ್ರಿ ಅಂದವರಷ್ಟೇ ಲೆಕ್ಕ. ತೊಗಲು ಹೋದಾಗಲೂ ಅಷ್ಟು ಉರಿದಿರಲಿಲ್ಲ. ಉಡಿಯಿಂದ ಡಬ್ಬಿ ತೆಗೆದು, ಒಂದು ಗುಳಿಗೆಯನ್ನು ಅಂಗೈ ಮೇಲಿಟ್ಟು ಅವನ ಮುಂದೆ ಚಾಚಿದೆ.

"ನಂದು ಅಮ್ಮನ ಹೌದಲ್ರಿ ಸಾಹೇಬ್ರ? ಗುಳಗ್ಯಾಗ ಏನೂ ಇಲ್ಲ ಅಲ್ರಿ? ಹಂಗಾರ ಇದೊಂದನ್ನ ನೀವ ನುಂಗ್ರಿ. ಇಲ್ಲೇ, ಎಲ್ಲಾರ ಮುಂದ. ನಾ ಇನ್ನ ಮ್ಯಾಲೆ ನಿಮ್ಮ ಬಾಗಿಲಕ ಬರೂದಿಲ್ಲ."

ಬೀಬಿಜಾನ್ ಅದನ್ನು ಉರ್ದುವಿನಲ್ಲಿ ಕಂಪನಿಯವನಿಗೆ ಹೇಳಿದಳು. ಅವನು ಡಾಕ್ಟರ್‌ನತ್ತ ನೋಡಿದ. ಡಾಕ್ಟರ್ ನಕ್ಕ. ನಗುತ್ತಲೇ ಗುಳಿಗೆ ತೆಗೆದುಕೊಂಡ. ಕಂಪೌಂಡರ್ ನೀರಿನ ಲೋಟ ತಂದು ಕೊಟ್ಟ. ಎಲ್ಲರ ಕಣ್ಣೂ ಅವನ ಕೈಯ ಮೇಲೆ. ನಿಜ ಹೇಳುತ್ತೇನೆ, ಅವನು ನುಂಗಲಿ, ನುಂಗಿ ಅವನ ಕೌದಿಗೂ ತೊಗಲು ಅಂಟಲಿ ಅಂತ ನಾನು ಎಲ್ಲ ದೇವರಿಗೂ ಬೇಡಿಕೊಂಡೆ. ಕೈ ಬಾಯಿಯ ಹತ್ತಿರ ಹೋಯಿತು. ಅಷ್ಟರಲ್ಲಿ ಅವನು ನನ್ನ ಮುಖ ನೋಡಿದ. ಕೈ ಅಲ್ಲೇ ನಿಂತಿತು. ನಿಂತು, ಸಾವಕಾಶ ಇಳಿದು, ಕೋಟಿನ ಕಿಸೆಗೆ ಹೋಯಿತು.

"ನನಗ ಸಂದು ಬ್ಯಾನಿ ಇಲ್ಲ" ಅಂದ. "ಇಲ್ಲದ ಜಡ್ಡಿಗೆ ಗುಳಗಿ ತಿನ್ನಬಾರ್ದು."

ಮುಂದಿನ ಸಾಲಿನಲ್ಲಿದ್ದ ಒಬ್ಬ ಮುದುಕ, ಈಗಷ್ಟೇ ಆರಾಮ್ರಿ ಅಂದಿದ್ದವನು, ಚಹಾದ ಕಪ್ಪು ಕೆಳಗಿಟ್ಟು ಎದ್ದ. ತನ್ನ ಡಬ್ಬಿಯನ್ನು ಮೇಜಿನ ಮೇಲೆ ಇಟ್ಟ. ಚಪ್ಪಲಿ ಮೆಟ್ಟುತ್ತ, "ಏನಿಲ್ರಿ ಸಾಹೇಬ್ರ, ಒಂದೀಟು ಬಾಯಾಗ ಹುಣ್ಣ ಆಗ್ಯಾವ" ಅಂದ. ಅವನ ಹಿಂದೆ ಇನ್ನೊಬ್ಬಳು ಎದ್ದಳು, ಅವಳಿಗೆ ಮೈಯೆಲ್ಲ ತುರಿಕೆ. ಇನ್ನೊಬ್ಬನಿಗೆ ಕಣ್ಣು ಉರಿ. ಮೇಜಿನ ಮೇಲೆ ಡಬ್ಬಿಗಳು ಸಾಲಾಗಿ ಕೂತವು. ಬೀಬಿಜಾನ್ ಒಂದೊಂದನ್ನೂ ಬಿಡದೆ ಕಂಪನಿಯವನ ಕಿವಿಗೆ ಹಾಕಿದಳು. ಅವನು ಡಬ್ಬಿಗಳನ್ನೆಲ್ಲ ಕಾರಿಗೆ ಹಾಕಿಸಿಕೊಂಡು, ಭಜಿ ಮುಟ್ಟದೆ ಹೋದ. ಆಮೇಲೆ ಆ ಗುಳಿಗೆ ನಮ್ಮ ಕಡೆ ಬರಲಿಲ್ಲ. ಬೇರೆ ಯಾರ ಊರಿಗೆ ಹೋಯಿತೋ ನನಗೆ ಗೊತ್ತಿಲ್ಲ. ಡಾಕ್ಟರ್‌ನ ಬೆಂಚು ಖಾಲಿಯಾಗುತ್ತ ಬಂತು. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಅವನು ಬೋರ್ಡು ಇಳಿಸಿಕೊಂಡು ಬೇರೆ ಜಿಲ್ಲೆಗೆ ಹೋದ. ಗುಳಿಗೆಯಿಂದ ಆಯಿತು ಅಂತ ಕೊನೆಗೂ ಅವನು ಹೇಳಲಿಲ್ಲ.

ನನ್ನ ರೆಪ್ಪೆಗೂದಲು ಒಳಮುಖವಾಗಿ ಬೆಳೆದು ಕಣ್ಣಿಗೆ ಚುಚ್ಚುತ್ತವೆ. ಆಗಾಗ ಹುಬ್ಬಳ್ಳಿಗೆ ಹೋಗಿ ಕೀಳಿಸಿಕೊಂಡು ಬರಬೇಕು, ಈಗಲೂ. ಆ ಬೇಸಗೆಯಲ್ಲಿ ಹೋದಾಗ ಡಾಕ್ಟರಬಾಯಿಗೆ ಚಪ್ಪರದ ಕಥೆಯನ್ನೆಲ್ಲ ಜಂಬದಿಂದ ಹೇಳಿದೆ. ಆಕೆ ಚಿಮಟ ಕೆಳಗಿಟ್ಟು ನನ್ನನ್ನೇ ನೋಡಿದರು.

"ಶಂಕ್ರವ್ವಾ, ನೀ ದೊಡ್ಡ ಜೂಜ ಆಡೀದಿ. ಅಂವ ನುಂಗಿದ್ರ ಅಂವಗ ಏನೂ ಆಗ್ತಿದ್ದಿಲ್ಲ."

"ಯಾಕ್ರಿ? ನನಗ ಆಗಿಲ್ಲೇನು?"

"ಎಷ್ಟೋ ಮಂದಿ ನುಂಗ್ತಾರ, ಎಲ್ಲೋ ಒಬ್ಬರ ಮೈ ಹಿಂಗ ತಿರಗಿ ಬೀಳ್ತೈತಿ. ಒಂದ ಗುಳಗಿ ನುಂಗಿ ಬಾಯಿ ಒರಸಿಕೊಂಡಿದ್ರ ಮುಗೀತಿತ್ತು. ನೀ ಜೀವನಪೂರ್ತಿ ಸುಳ್ಳಿ ಆಗ್ತಿದ್ದಿ. ಮಂದಿ ಡಬ್ಬಿ ಮುಗಿಸಿ ಮತ್ತೊಂದು ಡಬ್ಬಿ ಇಸಕೊಂತಿದ್ರು."

ಬಸ್ಸಿನಲ್ಲಿ ಬರುವಾಗ ಅದೇ ಯೋಚನೆ. ಈ ಲೆಕ್ಕ ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು, ಓದಿದವನು. ಒಂದು ಗುಟುಕು ನೀರಿನಲ್ಲಿ ನನ್ನನ್ನು ಮುಗಿಸಬಹುದಿತ್ತು. ಆದರೂ ಕೈ ಇಳಿಸಿದ. ನಮ್ಮ ಬಾಯಿಗೆ ಹಾಕುವಾಗೆಲ್ಲ ಅವನಿಗೆ ಅದು ಎಲ್ಲೋ ಒಬ್ಬರಿಗೆ ಆಗುವಂಥದ್ದು. ತನ್ನ ಬಾಯಿಯ ಹತ್ತಿರ ಬಂದಾಗ ಮಾತ್ರ ಆ ಒಬ್ಬ ತಾನೇ ಇರಬಹುದು ಅಂತ ಅವನಿಗೆ ಹೊಳೆಯಿತು.